ಮಳೆಗಾಲದಲ್ಲಿ ವೃದ್ಧಾಶ್ರಮದ ಔಷಧಿ ಕಪಾಟು

ತೀರ್ಥಹಳ್ಳಿ, ಆಗುಂಬೆ ಕಡೆ ಜೂನ್ ಹಿಡಿಯಿತೆಂದರೆ ಗೋಡೆಯೇ ಬೆವರುತ್ತದೆ. ಹಾಗಾಗಿ ನಮ್ಮಲ್ಲಿ ಔಷಧಿ ಕಪಾಟು ಹೊರಗೋಡೆಗೆ ತಾಗುವಂತಿಲ್ಲ. ಅಡುಗೆಮನೆ, ಬಚ್ಚಲು ಎರಡರಿಂದಲೂ ದೂರ ಇರಬೇಕು. ಬೀಗದ ಕೈ ಪಾಳಿಯ ಸಿಸ್ಟರ್ ಬಳಿ ಮಾತ್ರ.

ಮಾತ್ರೆಗೆ ಸ್ಟ್ರಿಪ್‌ಗಿಂತ ಒಳ್ಳೆಯ ಡಬ್ಬಿ ಇಲ್ಲ. ವಾರದ್ದನ್ನೆಲ್ಲ ಮೊದಲೇ ಬಿಡಿಸಿ ಡಬ್ಬಿಗೆ ತುಂಬುವುದು ಬಯಲುಸೀಮೆಯಲ್ಲಿ ನಡೆದೀತು, ಇಲ್ಲಿ ಬೇಡ. ಫಿಟ್ಸ್‌ಗೆ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ತೇವ ಹೀರಿ ಮೆತ್ತಗಾಗುತ್ತದೆ. ಆಸ್ಪಿರಿನ್ ಒಡೆದು ವಿನೆಗರ್ ವಾಸನೆ ಬಂದರೆ ಅದು ಕೆಟ್ಟಿತು ಅಂತಲೇ ಅರ್ಥ. ಆಯಾ ಹೊತ್ತಿನದನ್ನು ಆಯಾ ಹೊತ್ತಿಗೇ ಬಿಡಿಸುತ್ತೇವೆ, ಅದೂ ಎಕ್ಸ್‌ಪೈರಿ ಅಚ್ಚಾಗಿರದ ತುದಿಯಿಂದ.

ಮನೆಯವರು ತರುವ ತುಂಡು ಸ್ಟ್ರಿಪ್ಪೇ ದೊಡ್ಡ ತಲೆನೋವು. ‘ಗ್ಲಿಮೆ’ ಅಂತ ಅರ್ಧ ಹೆಸರು ಕಾಣುತ್ತದೆ, ಮಿಲಿಗ್ರಾಂ ಅಂಗಡಿಯಲ್ಲೇ ಉಳಿದಿರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್ 1 ಮಿ.ಗ್ರಾಂ ಜಾಗದಲ್ಲಿ 2 ಹೋದರೆ ಶುಗರ್ ಇಳಿದು ಅಜ್ಜ ಎಚ್ಚರ ತಪ್ಪಬಹುದು. ಅಂಥ ತುಂಡನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. “ಇಡೀ ಸ್ಟ್ರಿಪ್ ತನ್ನಿ ಅಣ್ಣಾ, ಬಿಲ್ಲೂ ಇರಲಿ” ಎನ್ನುತ್ತೇವೆ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಒಬ್ಬೊಬ್ಬರಿಗೆ ಒಂದೊಂದು ಟ್ರೇ. ಚೀಟಿಯಲ್ಲಿ ಪೂರ್ತಿ ಹೆಸರು, ವಯಸ್ಸು, ಫೋಟೊ, ಔಷಧದ ಜೆನೆರಿಕ್ ಹೆಸರು (ಕಂಪನಿ ಇಟ್ಟ ಹೆಸರಲ್ಲ, ಮೂಲ ಔಷಧದ್ದು), ಮಿಲಿಗ್ರಾಂ, ಕೊಡುವ ಹೊತ್ತು. ರೂಮ್ ನಂಬರ್ ನೆಚ್ಚಿಕೊಳ್ಳಬಾರದು, ಮಂಚ ಬದಲಾಗುತ್ತಿರುತ್ತದೆ. ಜೆಲ್ ಪೆನ್ ಬರಹ ತೇವಕ್ಕೆ ಹರಡುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಮೇಲೆ ಅಗಲದ ಟೇಪ್ ಹಾಕಿ. ಆದರೆ ಸ್ಟ್ರಿಪ್‌ನ ಎಕ್ಸ್‌ಪೈರಿ ಮೇಲೆ ಟೇಪ್ ಬೇಡ, ಕಿತ್ತರೆ ಅಕ್ಷರವೂ ಅದರ ಜೊತೆ ಎದ್ದು ಬರುತ್ತದೆ. ಸಂಧಿವಾತದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಕೊಡುವಂಥದ್ದು. ದಿನಾ ಹೋದರೆ ಜೀವಕ್ಕೇ ಸಂಚಕಾರ. ಅದನ್ನು ಬೇರೆಯೇ ಇಟ್ಟು, ‘ಸೋಮವಾರ ಮಾತ್ರ’ ಎಂಬಂತೆ ವಾರದ ಹೆಸರನ್ನೇ ಕೆಂಪಲ್ಲಿ ಬರೆಯುತ್ತೇವೆ.

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಫ್ರಿಜ್ಜಿನ ಬಾಗಿಲಲ್ಲೂ ಬೇಡ, ಫ್ರೀಜರ್‌ಗೆ ತಾಗಿಯೂ ಬೇಡ, ನಡು ತಟ್ಟೆಯಲ್ಲಿಡಿ. ಒಮ್ಮೆ ಹೆಪ್ಪುಗಟ್ಟಿದ್ದು, ಕರಗಿದ ಮೇಲೆ ನೋಡಲು ಸರಿಯಿದ್ದರೂ, ಚುಚ್ಚಲು ಬಾರದು. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಮೊದಲು ಫ್ರಿಜ್ ಬಾಗಿಲು ತೆರೆಯುವುದನ್ನು ನಿಲ್ಲಿಸಬೇಕು. ಕರೆಂಟ್ ಬೇಗ ಬರುವ ಲಕ್ಷಣ ಇಲ್ಲದಿದ್ದರೆ ಐಸ್ ಪ್ಯಾಕ್ ಇರುವ ಬಾಕ್ಸ್‌ಗೆ ವರ್ಗಾಯಿಸಿ, ಪ್ಯಾಕಿಗೂ ವಯಲ್‌ಗೂ (ಇನ್ಸುಲಿನ್ ಸೀಸೆಗೂ) ನಡುವೆ ದಪ್ಪ ಟವಲ್ ಇರಲಿ. ಫ್ರಿಜ್ ಒಳಗೊಂದು ಥರ್ಮಾಮೀಟರ್, ಬೆಳಿಗ್ಗೆ, ಸಂಜೆ ಓದಿ ಪುಸ್ತಕದಲ್ಲಿ ಬರೆಯಬೇಕು.

ವಯಲ್ ತೆರೆದ ತಾರೀಖನ್ನು ಅದರ ಮೇಲೇ ಬರೆಯಿರಿ. ಹೆಚ್ಚಿನ ಇನ್ಸುಲಿನ್‌ಗೆ ಅಲ್ಲಿಂದ 28 ದಿನ. ಕಣ್ಣಿನ ಡ್ರಾಪ್ಸ್‌ಗೂ ಹೀಗೇ, ಸಾಮಾನ್ಯವಾಗಿ ಒಂದು ತಿಂಗಳು.