ಕೊನೆಗೂ ಒಡೆಯದ ಸೋಯಾ ಕೈಮಾ ಉಂಡೆ: ನನ್ನ ಅನುಭವ

ಕೈಮಾ ಉಂಡೆ ಸಾರು ಮಾಡುವವರಿಗೆಲ್ಲ ಒಂದು ಭಯ ಇದ್ದೇ ಇರುತ್ತದೆ. ಕುದಿಯುವ ಸಾರಿಗೆ ಬಿಟ್ಟ ಉಂಡೆ ನಿಲ್ಲುತ್ತದಾ, ಒಡೆಯುತ್ತದಾ? ಮಾಂಸದ ಉಂಡೆಗೇ ಹೀಗಾದರೆ ಸೋಯಾ ಉಂಡೆಯ ಪಾಡು ಕೇಳಬೇಕಾ! ಇದು ನನ್ನ ಕೈಗೆ ಹತ್ತಲು ಒಂದೂವರೆ ವರ್ಷ ಹಿಡಿಯಿತು. ಈಗ ಒಂದೇ ಪಾತ್ರೆಗೆ 60 ಉಂಡೆ ಬಿಟ್ಟರೂ ಒಂದೂ ಬಿರಿಯುವುದಿಲ್ಲ, ಧೈರ್ಯವಾಗಿ ಹೇಳುತ್ತೇನೆ.

ಮಂಡ್ಯದ ಕಡೆ ನಮ್ಮಂಥ ಮನೆಗಳಲ್ಲಿ ಶ್ರಾವಣ ಬಂತೆಂದರೆ ತಿಂಗಳಿಡೀ ಬಾಡು ಇಲ್ಲ. ಮೊದಲ ವಾರ ಹೇಗೋ ಕಳೆಯುತ್ತದೆ. ಎರಡನೇ ವಾರಕ್ಕೆ ಎಲ್ಲರ ನಾಲಿಗೆ ಕೇಳಲು ಶುರು. ನಾನು ಮನೆಯಿಂದಲೇ ಊಟದ ಆರ್ಡರ್ ಹಿಡಿದು ಮಾಡಿಕೊಡುತ್ತೇನೆ, ಆ ತಿಂಗಳು ನನ್ನ ವ್ಯಾಪಾರ ಅರ್ಧಕ್ಕರ್ಧ ಬಿದ್ದುಹೋಗುತ್ತಿತ್ತು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು. ಅತ್ತೆ ಮೊದಲ ದಿನವೇ ಹೇಳಿದ್ದರು, "ಮಾಂಸ ಇಲ್ದೆ ಕೈಮಾ ಉಂಡೆನಾ? ಅದು ವಡೆ ಕಣವ್ವ." ಭಾವ ರುಚಿಯನ್ನೂ ನೋಡಲಿಲ್ಲ, ತಟ್ಟೆ ಸರಿಸಿದರು.

ಮೊದಲ ಆರ್ಡರ್ 40 ಉಂಡೆ. ಸೋಯಾ ಗ್ರ್ಯಾನ್ಯೂಲ್ಸ್ ನೆನೆಸಿ, ಕೈಯಲ್ಲಿ ಸುಮ್ನೆ ಹಿಂಡಿ, ಮಾಮೂಲಿ ಹಾಗೆ ಹುರಿಗಡಲೆ ಪುಡಿ, ಕಾಯಿ, ಮಸಾಲೆ ಹಾಕಿ ಕಟ್ಟಿದೆ. ಕೈಯಲ್ಲಿ ಚೆನ್ನಾಗಿಯೇ ನಿಂತವು. ಸಾರಿಗೆ ಬಿಟ್ಟು ಹತ್ತು ನಿಮಿಷಕ್ಕೆ ಮೇಲೆಲ್ಲ ಪುಡಿ ತೇಲಿತು. ಸೌಟು ಹಾಕಿ ನೋಡಿದರೆ ತಳದಲ್ಲಿ ಒಂದು ಉಂಡೆಯೂ ಇಲ್ಲ, ಸಾರು ಗಂಜಿಯ ಹಾಗೆ ಗಟ್ಟಿ. ಅಡ್ವಾನ್ಸ್ ವಾಪಸ್ ಕೊಟ್ಟೆ. ಸಾಮಾನು ಸೇರಿ 1,800 ರೂಪಾಯಿ ಹತ್ತಿರ ಹೋಯಿತು. ಅದನ್ನೇ ಎರಡು ದಿನ ಮುದ್ದೆಗೆ ಹಾಕಿಕೊಂಡು ಮುಗಿಸಿದೆವು.

ಆಮೇಲೆ ಮೈದಾ, ಕಾರ್ನ್‌ಫ್ಲೋರ್. ಉಂಡೆ ನಿಂತಿತು, ಆದರೆ ಗೋಲಿ. ಗೋಧಿ ಗ್ಲುಟನ್ 400 ರೂಪಾಯಿ ಕೊಟ್ಟು ತರಿಸಿದೆ, ಅದು ಅಗಿದಷ್ಟೂ ಮುಗಿಯುವುದಿಲ್ಲ, ಸಾರು ಒಳಗೆ ಇಳಿಯುವುದೂ ಇಲ್ಲ. ಮೊಟ್ಟೆ ಹಾಕಬಹುದಲ್ವಾ ಅಂತ ತುಂಬ ಜನ ಕೇಳಿದರು. ಶ್ರಾವಣ ಮಾಡುವವರು ಮೊಟ್ಟೆಯನ್ನೂ ಮುಟ್ಟುವುದಿಲ್ಲವಲ್ಲ! ಹೀಗೆ ಪ್ರಯೋಗಕ್ಕೇ ಹೆಚ್ಚುಕಮ್ಮಿ 6,000 ರೂಪಾಯಿ ಸುರಿದಿದ್ದೇನೆ.

ದಾರಿ ಸಿಕ್ಕಿದ್ದು ನುಚ್ಚಿನುಂಡೆಯಿಂದ. ಒಂದು ಬೆಳಗ್ಗೆ ಹಬೆಯಿಂದ ತೆಗೆದ ನುಚ್ಚಿನುಂಡೆಯನ್ನು ಮಜ್ಜಿಗೆಹುಳಿಗೆ ಹಾಕುವಾಗ ಹೊಳೆಯಿತು. ಇದಕ್ಕೆ ಮೊಟ್ಟೆ ಇಲ್ಲ, ಮೈದಾ ಇಲ್ಲ, ಆದರೂ ಹೇಗೆ ನಿಂತಿದೆ? ಬೇಳೆ ಹಸಿಯದು. ನೆನೆದ ಹಸಿ ಬೇಳೆ ಹಬೆಯಲ್ಲಿ ಬೇಯುತ್ತಾ ತಾನೇ ಕಚ್ಚಿಕೊಳ್ಳುತ್ತದೆ. ಸೋಯಾ ಗ್ರ್ಯಾನ್ಯೂಲ್ಸ್ ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ, ಹುರಿಗಡಲೆ ಹುರಿದಿರುತ್ತದೆ. ಎರಡರಲ್ಲೂ ಅಂಟುವ ಗುಣ ಸತ್ತಿರುತ್ತದೆ. ಮಾಂಸ ಹಸಿಯಾಗಿ ಹೋಗುತ್ತದೆ, ಅದಕ್ಕೇ ಅಲ್ಲಿ ಹುರಿಗಡಲೆ ಸಾಕಾಗುತ್ತದೆ. ಹಾಗಾದರೆ ನನ್ನ ಉಂಡೆಯಲ್ಲೂ ಏನಾದರೂ ಒಂದು ಹಸಿಯದು ಇರಲೇಬೇಕು.

ಕಡಲೆಬೇಳೆ ಎರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ತರಿತರಿಯಾಗಿ ರುಬ್ಬಿದೆ. ಒಂದು ಹನಿ ನೀರೂ ಸೇರಿಸಲಿಲ್ಲ. 250 ಗ್ರಾಂ ಸೋಯಾಗೆ ಒಂದು ಲೋಟ ಬೇಳೆ. ಹುರಿಗಡಲೆ ಎರಡೇ ಚಮಚ, ಅದೂ ವಾಸನೆಗೆ. ಕೊತ್ತಂಬರಿ, ಪುದೀನ, ಬಾಡಿಸಿ ಆರಿಸಿದ ಸಣ್ಣ ಈರುಳ್ಳಿ ಎಲ್ಲ ಗೊತ್ತಿದ್ದದ್ದೇ.

ಸೋಯಾ ಹಿಂಡುವುದು ಮಾತ್ರ ಕೈಯಲ್ಲಿ ಆಗುವ ಕೆಲಸವಲ್ಲ. ಉಪ್ಪು, ಜಜ್ಜಿದ ಶುಂಠಿ ಹಾಕಿದ ನೀರಲ್ಲಿ ಕುದಿಸಿ, ಆ ನೀರು ಚೆಲ್ಲಿ, ತಣ್ಣೀರಲ್ಲಿ ಎರಡು ಸಲ ತೊಳೆದರೆ ಸೋಯಾ ವಾಸನೆ ಹೋಗುತ್ತದೆ. ಆಮೇಲೆ ಹಳೇ ಪಂಚೆಯ ತುಂಡಲ್ಲಿ ಗಂಟು ಕಟ್ಟಿ, ತಿರುಚಿ ಹಿಂಡಿ, ಮೇಲೆ ಒರಳುಕಲ್ಲಿನ ಗುಂಡು ಹೇರಿ ಅರ್ಧ ಗಂಟೆ ಬಿಡುತ್ತೇನೆ. ಬಿಚ್ಚಿ ಒಂದು ಹಿಡಿ ಅದುಮಿ ಬಿಟ್ಟರೆ ಉದುರಬೇಕು, ಅಂಗೈ ಒದ್ದೆ ಆಗಬಾರದು. ಒದ್ದೆ ಆಯಿತಾ, ಮತ್ತೆ ಗುಂಡು ಹೇರಿ.

ಮಾಂಸದ ಕೊಬ್ಬಿನ ಬದಲಿಗೆ ಕೊಬ್ಬರಿ ಎಣ್ಣೆ. ಫ್ರಿಜ್‌ನಲ್ಲಿ ಹೆಪ್ಪುಗಟ್ಟಿಸಿ, ಚಾಕುವಲ್ಲಿ ಅಕ್ಕಿಕಾಳಿನಷ್ಟು ಚೂರು ಮಾಡಿ, ಕಟ್ಟುವ ಮುಂಚೆ ಕೊನೆಯಲ್ಲಿ ಬೆರೆಸಬೇಕು. ಹಬೆಯಲ್ಲಿ ಅದು ಕರಗಿ ಒಳಗೆ ಸಣ್ಣ ಸಣ್ಣ ತೂತಾಗುತ್ತದೆ, ಸಾರು ಅಲ್ಲಿಗೆ ಇಳಿಯುತ್ತದೆ. ಕಚ್ಚಿದಾಗ ರಸ ಬರುವುದು ಇದರಿಂದಲೇ.

ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹಬೆಗೆ 12ರಿಂದ 15 ನಿಮಿಷ. ಪೂರ್ತಿ ತಣ್ಣಗಾಗುವ ತನಕ ಮುಟ್ಟಬೇಡಿ, ಬಿಸಿಯಲ್ಲಿ ಎತ್ತಿದರೆ ಸೀಳುತ್ತದೆ. ಆಮೇಲೆ ಪಡ್ಡು ಹಂಚಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಸುತ್ತ ಕೆಂಪಗೆ ಮಾಡಿ, ಸಾರು ಇಳಿಸಲು ಹತ್ತು ನಿಮಿಷ ಇರುವಾಗ ಹಾಕಿ. ಹಬೆ ಆದ ಮೇಲೆ ಎಷ್ಟು ಹೊತ್ತು ಬಿಡುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ. ಮಸಾಲೆಯಲ್ಲಿ ಚಕ್ಕೆ, ಲವಂಗ, ಗಸಗಸೆ ಜೊತೆ ಇನ್ನೊಂದನ್ನು ಕಾಲು ಚಮಚ ಹುರಿದು ಹಾಕುತ್ತೇನೆ. ಅದರ ಹೆಸರೂ ಹೇಳುವುದಿಲ್ಲ, ಹೊಟ್ಟೆಪಾಡಿನ ಮಾತು.

ನಡುವೆ ಬೇರೆ ಏನೇನೋ ಮಾಡಿ ನೋಡಿದೆ. ಬಣ್ಣಕ್ಕೆ ಬೀಟ್‌ರೂಟ್ ಹಾಕಿದರೆ ಕುದಿಯುವಷ್ಟರಲ್ಲಿ ಮಂಕಾಗುತ್ತದೆ, ದಂಡ. ಎಳೆ ಹಲಸಿನಕಾಯಿಯ ನಾರು ಮಾಂಸಕ್ಕೆ ತುಂಬ ಹತ್ತಿರ, ಆದರೆ ಶ್ರಾವಣದ ಹೊತ್ತಿಗೆ ಎಳೆಕಾಯಿ ಎಲ್ಲಿ ಸಿಗುತ್ತದೆ? ಅಣಬೆಯನ್ನು ಮೂರು ದಿನ ಬಿಸಿಲಲ್ಲಿ ಗಲಗಲ ಒಣಗಿಸಿ ಪುಡಿ ಮಾಡಿ ಮೂರು ಚಮಚ ಹಾಕಿದೆ ನೋಡಿ, ಅದು ಗೆದ್ದಿತು. ಬಾಡಿನ ಸಾರಿನ ಗಾಢತೆ ಬಂತು. ಅಣಬೆಯನ್ನು ಹಸಿಯಾಗಿ ಮಾತ್ರ ಹಾಕಬೇಡಿ, ನೀರು ಬಿಟ್ಟು ಎಲ್ಲ ಕೆಡಿಸುತ್ತದೆ. ಹಬೆಯಾದ ಉಂಡೆ ಫ್ರೀಜರ್‌ನಲ್ಲಿ 15 ದಿನ ಆರಾಮಾಗಿ ಇರುತ್ತದೆ.

ಲೆಕ್ಕ ಹೀಗೆ: ಸುಮಾರು 45 ಉಂಡೆಗೆ ಗ್ಯಾಸ್ ಸೇರಿ 200 ರೂಪಾಯಿ ಬೀಳುತ್ತದೆ. ಒಂದು ಉಂಡೆ 15 ರೂಪಾಯಿಗೆ ಕೊಡುತ್ತೇನೆ. ಕಳೆದ ಶ್ರಾವಣದಲ್ಲಿ 900 ಹತ್ತಿರ ಹೋದವು, ಡಬ್ಬಿ ಖರ್ಚು ಕಳೆದು ಎಂಟು ಸಾವಿರ ಉಳಿಯಿತು. ಅತ್ತೆ ಈಗ ವಡೆ ಅನ್ನುವುದಿಲ್ಲ. ಬೇಳೆ ರುಬ್ಬುವಾಗ ಪಕ್ಕದಲ್ಲೇ ನಿಂತು "ನುಣ್ಣಗಾಯ್ತು, ನಿಲ್ಸು" ಅನ್ನುತ್ತಾರೆ.

ಈಗ ಕಡಲೆಬೇಳೆ ಬದಲು ಹುರುಳಿಕಾಳು ಹಿಡಿದಿದ್ದೇನೆ, ರುಚಿ ಇನ್ನೂ ಖಡಕ್. ಮೊನ್ನೆ 12 ಉಂಡೆಯಲ್ಲಿ ಮೂರು ಬಿರಿದವು. ಕಾಳಿನ ಸಿಪ್ಪೆ ಕಚ್ಚಿಕೊಳ್ಳಲು ಬಿಡುತ್ತಿಲ್ಲ ಅನ್ನಿಸುತ್ತದೆ. ರಾತ್ರಿ ಮತ್ತೆ ಒಂದು ಲೋಟ ನೆನೆಹಾಕಿದ್ದೇನೆ, ಬೆಳಗ್ಗೆ ಉಜ್ಜಿ ಸಿಪ್ಪೆ ತೆಗೆದು ನೋಡಬೇಕು.