ಬನ್ಸ್ ಕಲಸುವ ಕೈ ಮಫಿನ್ ಕಲಿತದ್ದು

ನಮ್ಮ ಊರು ಪುತ್ತೂರಿನ ಕಡೆ. ಬಾಳೆಹಣ್ಣು ಕಪ್ಪಾಯಿತೆಂದು ಅಮ್ಮ ಎಸೆದದ್ದನ್ನು ನಾನು ನೋಡಿಲ್ಲ. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಹಣ್ಣು ಕಿವುಚಿ, ಸಕ್ಕರೆ, ಹುಳಿ ಮೊಸರು, ಚಿಟಿಕೆ ಸೋಡಾ, ಒಂದಿಷ್ಟು ಜೀರಿಗೆ ಹಾಕಿ, ಹಿಡಿಸಿದಷ್ಟು ಮೈದಾ ಸೇರಿಸಿ ನಾದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಎದ್ದರೆ ಬನ್ಸ್. ನನ್ನ ಕೈಗೂ ಅದೇ ಹದ ಹತ್ತಿತ್ತು. ಬೆಂಗಳೂರಿಗೆ ಬಂದು ಮನೆ ಮಾಡಿದ ಮೇಲೂ ವಾರಕ್ಕೊಮ್ಮೆ ಮಾಡುತ್ತಿದ್ದೆ. ಆದರೆ ಮಕ್ಕಳ ಸ್ಕೂಲ್ ವ್ಯಾನ್ 7:20ಕ್ಕೆ ಗೇಟಿನ ಹತ್ತಿರ ನಿಲ್ಲಲು ಶುರುವಾದಾಗ, ಆ ಹೊತ್ತಿನಲ್ಲಿ ಲಟ್ಟಿಸಿ ಕರಿಯುತ್ತ ಬಾಣಲೆ ಮುಂದೆ ನಿಲ್ಲುವುದು ಕಷ್ಟವಾಯಿತು. ಮನೆಯಲ್ಲಿ 28 ಲೀಟರಿನ ಒಂದು ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್ ಇತ್ತು, ವರ್ಷಕ್ಕೆರಡು ಸಲ ಹುಟ್ಟುಹಬ್ಬದ ಕೇಕಿಗೆ ಮಾತ್ರ ಹೊತ್ತುತ್ತಿತ್ತು. ಹಣ್ಣಿನ ಮಫಿನ್ ಮಾಡಿ ನೋಡೋಣ ಎಂದು ಹೊರಟದ್ದು ಹಾಗೆ.

ಬಾಳೆಹಣ್ಣು, ಮೈದಾ, ಮೊಸರು, ಸೋಡಾ. ಸಾಮಾನಿನ ಪಟ್ಟಿ ನೋಡಿ ಇದು ಬನ್ಸೇ ತಾನೆ ಅನ್ನಿಸಿತು. ಹಾಗಾಗಿ ಬನ್ಸಿನ ಕೈಯಲ್ಲೇ ಕಲಸಿದೆ. ಒಂದು ಗಂಟೂ ಉಳಿಯಬಾರದು ಎಂದು ತಿರುಗಿಸಿ ತಿರುಗಿಸಿ, ಎತ್ತಿ ಬಿಟ್ಟರೆ ರಿಬ್ಬನ್ನಿನ ಹಾಗೆ ಇಳಿಯುವವರೆಗೆ. ಓವನ್ನಿನಲ್ಲಿ ಚೆನ್ನಾಗಿಯೇ ಉಬ್ಬಿದವು, ಆದರೆ ತಲೆ ಗುಂಡಗಾಗದೆ ಚೂಪಾಗಿತ್ತು. ಆರಿದ ಮೇಲೆ ಮುರಿಯಲು ಹೋದರೆ ಮುರಿಯಲಿಲ್ಲ, ರಬ್ಬರಿನ ಹಾಗೆ ಎಳೆದುಕೊಂಡಿತು. ಚಾಕು ಹಿಡಿದು ಉದ್ದಕ್ಕೆ ಸೀಳಿದೆ. ಒಳಗೆ ತಳದಿಂದ ತುದಿಯವರೆಗೆ ಎರೆಹುಳು ಕೊರೆದಂಥ ಸುರಂಗಗಳು, ಅವುಗಳ ಗೋಡೆ ಮೇಣ ಬಳಿದಂತೆ ಹೊಳೆಯುತ್ತಿತ್ತು. ಮಗಳು ಒಂದು ತುಂಡು ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದಳು. ಎರಡನೆಯ ತುಂಡು ತೆಗೆದುಕೊಳ್ಳಲಿಲ್ಲ.

ಸೋಡಾ ಹೆಚ್ಚಾಯಿತೇನೋ, ಉರಿ ಕಡಿಮೆಯಾಯಿತೇನೋ ಎಂದು ಮುಂದಿನ ಮೂರು ಸಲ ಅಳತೆ ಬದಲಿಸಿದೆ. ಸುರಂಗ ಹೋಗಲಿಲ್ಲ. ತಪ್ಪು ಕೈಯದ್ದು ಎಂದು ತಿಳಿಯಲು ತಡವಾಯಿತು. ಗೋಧಿಯಿಂದ ಬಂದ ಯಾವ ಹಿಟ್ಟೇ ಆಗಲಿ, ನೀರು ತಾಗಿ ಕೈಯಾಡಿದಂತೆಲ್ಲ ಅದರಲ್ಲಿ ಗ್ಲುಟೆನ್ ಎಂಬ ಎಳೆ ಹುಟ್ಟಿಕೊಳ್ಳುತ್ತದೆ. ಚಪಾತಿಗೆ, ಹೋಳಿಗೆಯ ಕಣಕಕ್ಕೆ, ಬನ್ಸಿಗೆ ಆ ಎಳೆ ಬೇಕು. ರಾತ್ರಿಯಿಡೀ ನೆನೆದು ಅದು ಸಡಿಲವಾಗುವುದರಿಂದಲೇ ಬನ್ಸನ್ನು ಲಟ್ಟಿಸಲು ಬರುವುದು, ಎಣ್ಣೆಗೆ ಬಿದ್ದ ಕೂಡಲೇ ಒಳಗಿನ ಉಗಿಯನ್ನು ಹಿಡಿದುಕೊಂಡು ಚೆಂಡಿನ ಹಾಗೆ ಉಬ್ಬುವುದು. ಮಫಿನಿಗೆ ಆ ಎಳೆ ಶತ್ರು. ಹಿಟ್ಟು ಬಿಗಿಯಾದರೆ ಸೋಡಾದಿಂದ ಹುಟ್ಟಿದ ಗಾಳಿಗೆ ಎಲ್ಲ ಕಡೆ ಹರಡಲು ಆಗುವುದಿಲ್ಲ, ಸಿಕ್ಕಿದ ಒಂದೆರಡು ದಾರಿಯಲ್ಲೇ ಕೊರೆದುಕೊಂಡು ಮೇಲಕ್ಕೆ ಹೋಗುತ್ತದೆ. ಸಾಮಾನು ಅದೇ ನಾಲ್ಕು, ಕೈ ಮಾತ್ರ ಪೂರ್ತಿ ಉಲ್ಟಾ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. 12 ಮಫಿನಿಗೆ ಒಂದು ಕಪ್ ಮೈದಾ, ಮುಕ್ಕಾಲು ಕಪ್ ಗೋಧಿಹಿಟ್ಟು. ತೂಕದಲ್ಲಿ ಎರಡೂ ಸೇರಿ ಸುಮಾರು 220 ಗ್ರಾಂ. ಇದಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ, ಕಾಲು ಚಮಚ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಇವಿಷ್ಟನ್ನೂ ಎರಡು ಸಲ ಜರಡಿ ಹಿಡಿಯುತ್ತೇನೆ. ಆಮೇಲೆ ಹೆಚ್ಚು ಕಲಸುವಂತಿಲ್ಲವಲ್ಲ, ಸೋಡಾ ಸಮನಾಗಿ ಬೆರೆಯುವುದು ಇಲ್ಲೇ ಆಗಿಬಿಡಬೇಕು. ಇನ್ನೊಂದು ಪಾತ್ರೆಯಲ್ಲಿ ಕಿವುಚಿದ ಬಾಳೆಹಣ್ಣು ಒಂದು ಕಪ್, ಹುಳಿ ಬಂದ ಮೊಸರು ಅರ್ಧ ಕಪ್, ಎಣ್ಣೆ ಮೂರನೇ ಒಂದು ಕಪ್, ಪುಡಿ ಬೆಲ್ಲ ಮುಕ್ಕಾಲು ಕಪ್. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಹಣ್ಣಿನ ಅಂಟು ಹಿಟ್ಟನ್ನು ಹಿಡಿದಿಡುತ್ತದೆ, ಮೊಸರಿನ ಹುಳಿ ಸೋಡಾವನ್ನು ಎಬ್ಬಿಸುತ್ತದೆ. ಮೊಟ್ಟೆಯ ಕೊರತೆ ಗೊತ್ತಾಗುವುದಿಲ್ಲ. ಈ ಒದ್ದೆ ಪಾತ್ರೆಯನ್ನು ಬೇಕಾದಷ್ಟು ಕಲಸಿ, ಇಲ್ಲಿ ಹಿಟ್ಟಿಲ್ಲ, ಎಳೆ ಬರುವ ಭಯವಿಲ್ಲ.

ಒದ್ದೆಯ ಮೇಲೆ ಒಣ ಹಿಟ್ಟು ಸುರಿದ ಮೇಲೆ ನಾನು ಎಣಿಸುತ್ತೇನೆ. ಅಗಲದ ಸಟ್ಟುಗವನ್ನು ಅಂಚಿನಿಂದ ಇಳಿಸಿ, ತಳದಿಂದ ಎತ್ತಿ, ಮೇಲಕ್ಕೆ ಮಗುಚಿ, ಪಾತ್ರೆಯನ್ನು ಸ್ವಲ್ಪ ತಿರುಗಿಸುವುದು. ಅದು ಒಂದು. ಹತ್ತಕ್ಕೆ ಬರುವ ಹೊತ್ತಿಗೆ ಹಿಟ್ಟು ಮುದ್ದೆಮುದ್ದೆಯಾಗಿರುತ್ತದೆ, ಅಲ್ಲಲ್ಲಿ ಬಿಳಿ ಗೆರೆ ಕಾಣುತ್ತಿರುತ್ತದೆ. ಹದಿನಾಲ್ಕಕ್ಕೆ ನಿಲ್ಲಿಸುತ್ತೇನೆ. ಆಗಲೂ ಕಡಲೆಕಾಳಿನಷ್ಟು ಗಂಟು ಇದ್ದೇ ಇರುತ್ತದೆ. ಇನ್ನೆರಡು ಸಲ ತಿರುಗಿಸು ಎಂದು ಕೈ ಹೇಳುತ್ತದೆ, ಕೇಳಬಾರದು. ಬೇಯುವಾಗ ಆ ಗಂಟುಗಳು ತಾವಾಗಿಯೇ ತೇವ ಹೀರಿ ಕರಗುತ್ತವೆ. ಒಮ್ಮೆ ವಿಡಿಯೋ ಕಾಲಿನಲ್ಲಿ ಅಮ್ಮನಿಗೆ ತೋರಿಸಿದೆ. "ಎಂತ ಮಗಾ, ಅರ್ಧಕ್ಕೇ ಬಿಟ್ಟೆಯಾ? ಗಂಟು ಗಂಟು ಉಂಟಲ್ಲ" ಎಂದರು. ಇಷ್ಟೇ ಅಮ್ಮ ಎಂದರೆ ನಂಬಲಿಲ್ಲ, ಬೆಂದ ಮೇಲೆ ಮುರಿದು ತೋರಿಸು ಎಂದು ಹೇಳಿ ಫೋನ್ ಇಟ್ಟರು.

ಕಲಸಿದ ಹಿಟ್ಟು ಕಾಯುವುದಿಲ್ಲ. ಸೋಡಾಕ್ಕೆ ಹುಳಿ ತಾಗಿದ ಗಳಿಗೆಯಿಂದ ಗಾಳಿ ಹುಟ್ಟುತ್ತಿರುತ್ತದೆ, ಇಟ್ಟಷ್ಟೂ ಅದು ತಪ್ಪಿಸಿಕೊಂಡು ಹೋಗುತ್ತದೆ. ಬನ್ಸಿನಂತೆ ರಾತ್ರಿಯೇ ಕಲಸಿಟ್ಟರೆ ಬೆಳಿಗ್ಗೆ ಮಫಿನಿನ ಬದಲು ಬಿಸ್ಕತ್ತಿನ ಗಟ್ಟಿ ಸಿಗುತ್ತದೆ. ಅದಕ್ಕೇ ರಾತ್ರಿ ಒಣ ಹಿಟ್ಟನ್ನು ಜರಡಿ ಹಿಡಿದು ಡಬ್ಬಿಗೆ ಹಾಕಿಡುತ್ತೇನೆ, ಟ್ರೇಗೆ ಕಾಗದದ ಕಪ್ ಜೋಡಿಸಿಡುತ್ತೇನೆ, ಮೊಸರು ಹೊರಗೆ ಇಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಓವನ್ ಹಾಕುವುದು, ಆಮೇಲೆ ಹಲ್ಲುಜ್ಜುವುದು. ಓವನ್ ಕಾಯುವ ಹೊತ್ತಿನಲ್ಲಿ ಕಲಸಿ ತುಂಬಿಸಿದರೆ 6:45ಕ್ಕೆ ಬಿಸಿ ಮಫಿನ್ ತಟ್ಟೆಯಲ್ಲಿರುತ್ತದೆ.

ಮೊಸರು ಹೊರಗಿಡುವುದಕ್ಕೆ ಕಾರಣವಿದೆ. ಕರಾವಳಿಯವಳಾದ್ದರಿಂದ ನನಗೆ ತೆಂಗಿನೆಣ್ಣೆಯ ಮೇಲೆ ಪ್ರೀತಿ, ಬಾಳೆಹಣ್ಣಿಗೂ ಅದು ತುಂಬಾ ಒಪ್ಪುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದ ಮೊಸರಿಗೆ ತೆಂಗಿನೆಣ್ಣೆ ಹೊಯ್ದೆ. ಎಣ್ಣೆ ಅಲ್ಲೇ ಹೆಪ್ಪುಗಟ್ಟಿ ಸಾಬಕ್ಕಿಯಂಥ ಬಿಳಿ ಕಾಳಾಯಿತು. ಆ ಮಫಿನುಗಳ ಬುಡದಲ್ಲಿ ಎಣ್ಣೆ ಸೋರಿ ಕಾಗದ ಪಾರದರ್ಶಕವಾಗಿತ್ತು, ಮೇಲ್ಭಾಗ ಒಣಗಿತ್ತು. ಈಗ ಚಳಿಗಾಲದಲ್ಲಿ ಸೂರ್ಯಕಾಂತಿ ಎಣ್ಣೆಯನ್ನೇ ಹಾಕುತ್ತೇನೆ. ಬೆಣ್ಣೆಗಿಂತ ಎಣ್ಣೆಯದ್ದೇ ಮರುದಿನಕ್ಕೂ ಮೆತ್ತಗಿರುತ್ತದೆ ಎಂಬುದು ನನ್ನ ಅನುಭವ.

ಉರಿಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಓಟಿಜಿಯ ಗುಂಡಿಯ ಮೇಲೆ ಬರೆದಿರುವ ಅಂಕಿಯನ್ನು ನಂಬಬೇಡಿ. ಒಳಗಿಡುವ ಸಣ್ಣ ಥರ್ಮಾಮೀಟರ್ ತಂದು ನೋಡಿದಾಗ ನನ್ನದು 180 ಎಂದು ತೋರಿಸಿದಾಗ ಒಳಗೆ 160 ಮಾತ್ರ ಇತ್ತು. ಎಷ್ಟೋ ಸಪ್ಪೆ ಬಣ್ಣದ ಕೇಕುಗಳ ಗುಟ್ಟು ಆವತ್ತು ತಿಳಿಯಿತು. ಈಗ ಮೊದಲು ನಿಜವಾದ 200 ಡಿಗ್ರಿಗೆ ಕಾಯಿಸಿ, ಟ್ರೇ ನಡುವಿನ ಸಾಲಿನಲ್ಲಿಟ್ಟು, ಮೇಲಿನ ಕೆಳಗಿನ ಎರಡೂ ಕಾಯುವ ಕಂಬಿ ಹಾಕಿ ಆರು ನಿಮಿಷ ಬಿಡುತ್ತೇನೆ. ಆ ಜೋರು ಕಾವಿಗೆ ಹಿಟ್ಟು ಗಟ್ಟಿಯಾಗುವ ಮೊದಲೇ ಥಟ್ಟನೆ ಮೇಲೇಳುತ್ತದೆ. ಆಮೇಲೆ 180ಕ್ಕೆ ಇಳಿಸಿ ಇನ್ನು ಹದಿನಾಲ್ಕು ನಿಮಿಷ. ಎಂಟನೆಯ ನಿಮಿಷಕ್ಕೆ ಗಾಜಿನ ಹತ್ತಿರ ಕೂತು ನೋಡಿ. ಕಪ್ಪಿನ ಅಂಚಿನಲ್ಲಿ ಹಿಟ್ಟು ಗಟ್ಟಿಯಾಗಿ, ನಡುಭಾಗ ಇನ್ನೂ ಒದ್ದೆಯಾಗಿ ಹೊಳೆಯುತ್ತ ನಿಧಾನಕ್ಕೆ ಗುಮ್ಮಟದಂತೆ ಏಳುತ್ತಿರುತ್ತದೆ, ತುದಿ ಸಣ್ಣಗೆ ಬಿರಿಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಬೇಸರ ಬಂದಿಲ್ಲ. ಆ ಹೊತ್ತಿನಲ್ಲಿ ಬಾಗಿಲು ಮಾತ್ರ ತೆರೆಯಬೇಡಿ, ಕುಸಿಯುತ್ತದೆ.

ಬಾಳೆಹಣ್ಣಿನಲ್ಲಿ ಯಾವುದು ಎಂದು ಕೇಳುವವರಿದ್ದಾರೆ. ಪಚ್ಚಬಾಳೆಯಲ್ಲಿ ನೀರು ಜಾಸ್ತಿ. ಅದನ್ನು ಹಾಕಿದರೆ ಮೊಸರು ಎರಡು ಚಮಚ ಕಡಿಮೆ ಮಾಡಿ. ನನ್ನ ಆಯ್ಕೆ ಏಲಕ್ಕಿ ಬಾಳೆ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ಕೂಡಿಕೊಂಡು ಮಚ್ಚೆಯಾದ ಮೇಲಿನದ್ದು. ಸಣ್ಣ ಹಣ್ಣಾದ್ದರಿಂದ ಒಂದು ಕಪ್ಪಿಗೆ ಐದಾರು ಬೇಕು. ನಂಜನಗೂಡು ರಸಬಾಳೆ ಸಿಕ್ಕಿದರೆ ದಯವಿಟ್ಟು ಹಾಗೆಯೇ ತಿನ್ನಿ. ಆ ಪರಿಮಳವನ್ನು ಓವನ್ನಿಗೆ ಹಾಕುವುದು ಅನ್ಯಾಯ.

ಬೇರೆ ಹಣ್ಣುಗಳ ಪೈಕಿ ನನಗೆ ಹೆಚ್ಚು ಪಾಠ ಹೇಳಿದ್ದು ನೇರಳೆ. ಜೂನಿನಲ್ಲಿ ತಳ್ಳುಗಾಡಿಯಿಂದ ಅರ್ಧ ಕಿಲೋ ತಂದು, ಬೀಜ ಬಿಡಿಸಿ, ಬಾಳೆಹಣ್ಣಿನ ಹಿಟ್ಟಿಗೇ ಸೇರಿಸಿದೆ. ನೇರಳೆ ಬಣ್ಣದ ಮಫಿನ್ ಬರುತ್ತದೆಂಬ ಆಸೆ ನನ್ನದು. ಹೊರಗೆ ತೆಗೆದಾಗ ಹಣ್ಣಿನ ಸುತ್ತ ಪಾಚಿಯಂಥ ಬೂದುಹಸಿರು ಉಂಗುರ. ಕೆಟ್ಟುಹೋಯಿತೆಂದು ಎಲ್ಲವನ್ನೂ ಎಸೆದೆ. ಎಸೆಯಬೇಕಾಗಿರಲಿಲ್ಲ. ನೇರಳೆಯ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗುತ್ತದೆ, ಸೋಡಾದಂಥ ಕ್ಷಾರ ಸಿಕ್ಕಿದರೆ ನೀಲಿ, ಹಸಿರಿಗೆ ತಿರುಗುತ್ತದೆ. ನನ್ನ ಮೊಸರು ಆವತ್ತು ಸಿಹಿ ಮೊಸರು, ಸೋಡಾವನ್ನು ಪೂರ್ತಿ ತಣಿಸುವಷ್ಟು ಹುಳಿ ಅದರಲ್ಲಿರಲಿಲ್ಲ. ಈಗ ನೇರಳೆಗೆ ಸೋಡಾವನ್ನೇ ಹಾಕುವುದಿಲ್ಲ. ಬೇಕಿಂಗ್ ಪೌಡರಿನೊಳಗೆ ಅದರದ್ದೇ ಹುಳಿ ಇರುತ್ತದೆ, ಎರಡು ಚಮಚ ಅದೊಂದೇ ಸಾಕು. ಬಣ್ಣ ನಿಲ್ಲುತ್ತದೆ. ಒಗರು ಸ್ವಲ್ಪ ಉಳಿಯುತ್ತದೆ, ನನಗೆ ಅದು ಇಷ್ಟ.

ಅನಾನಸ್ಸನ್ನು ಹಸಿಯಾಗಿ ಹಾಕಬೇಡಿ. ಸಣ್ಣ ತುಂಡು ಮಾಡಿ ಒಂದು ಚಮಚ ಸಕ್ಕರೆ ಜೊತೆ ಬಾಣಲೆಯಲ್ಲಿ ರಸ ಆರುವವರೆಗೆ ಬಾಡಿಸಿ. ಇಲ್ಲದಿದ್ದರೆ ಪ್ರತಿ ತುಂಡಿನ ಕೆಳಗೂ ಹಸಿ ಹಿಟ್ಟಿನ ಒಂದು ಗುಳಿ ಉಳಿಯುತ್ತದೆ. ಕೊಡಗಿನ ಕಿತ್ತಳೆ ಬಂದಾಗ ರಸಕ್ಕಿಂತ ಸಿಪ್ಪೆಯೇ ಮುಖ್ಯ, ಸುಲಿಯುವ ಮೊದಲೇ ಹಣ್ಣನ್ನು ಇಡಿಯಾಗಿ ಹಿಡಿದು ಹೊರಗಿನ ಬಣ್ಣದ ಪದರವನ್ನಷ್ಟೇ ತುರಿಯಿರಿ, ಒಳಗಿನ ಬಿಳಿ ಬಂದರೆ ಕಹಿ. ಬಾದಾಮಿ ಮಾವಿನ ತಿರುಳಿನಿಂದಲೂ ಮಾಡಿದ್ದೇನೆ. ಚೆನ್ನಾಗಿರುತ್ತದೆ, ಆದರೆ ಸೀಕರಣೆಯ ಮುಂದೆ ಅದೇನೂ ಅಲ್ಲ.

ಹಣ್ಣಿನ ತುಂಡು ತಳಕ್ಕೆ ಕೂರದಿರಲು ಮೈದಾದಲ್ಲಿ ಹೊರಳಿಸಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದರಿಂದ ಅಂಥ ಉಪಯೋಗವಾಗಲಿಲ್ಲ. ಹಿಟ್ಟು ತೆಳ್ಳಗಿದ್ದರೆ ಎಷ್ಟು ಹೊರಳಿಸಿದರೂ ಮುಳುಗುತ್ತದೆ. ಕಪ್ಪಿನ ಬುಡಕ್ಕೆ ಒಂದು ಚಮಚ ಬರೀ ಹಿಟ್ಟು ಹಾಕಿ, ಉಳಿದ ಹಿಟ್ಟಿಗೆ ಕಡಲೆಕಾಳಿನ ಗಾತ್ರದ ಹಣ್ಣು ಬೆರೆಸಿ ಅದರ ಮೇಲೆ ಮುಕ್ಕಾಲು ಭಾಗದವರೆಗೆ ತುಂಬಿಸುವುದು ನನಗೆ ಕೈಗೂಡಿದ ಉಪಾಯ.

ಬೆಂದ ಮೇಲೆ ಟ್ರೇಯಲ್ಲೇ ಐದು ನಿಮಿಷ, ಆಮೇಲೆ ತಂತಿ ಜಾಲರಿಯ ಮೇಲೆ. ಟ್ರೇಯಲ್ಲೇ ಬಿಟ್ಟರೆ ಬುಡ ಬೆವರಿ ಕಾಗದ ಅಂಟುತ್ತದೆ. ಬಿಸಿ ಇರುವಾಗಲೇ ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಿದ ದಿನ ಮಗಳು ಸಂಜೆ ಡಬ್ಬಿ ಹಾಗೆಯೇ ತಂದಳು, ಒಳಗೆ ಒದ್ದೆ ಮುದ್ದೆ. ಅವತ್ತಿನಿಂದ ಡಬ್ಬಿಗೆ ಹೋಗುವುದು ಹಿಂದಿನ ಸಂಜೆ ಮಾಡಿದ್ದು, ಬಿಸಿಯದ್ದು ತಟ್ಟೆಗೆ. ಬೆಲ್ಲ ತೇವ ಎಳೆಯುವುದರಿಂದ ಎರಡನೆಯ ದಿನ ತಲೆ ಜಿಗುಟಾಗುತ್ತದೆ. ಡಬ್ಬಿಯೊಳಗೆ ಒಣಬಟ್ಟೆ ಹಾಸಿ, ಮುಚ್ಚಳದ ಕೆಳಗೂ ಒಂದು ಇಡುತ್ತೇನೆ. ಊರಿನ ಸೆಕೆಯಲ್ಲಿ ಒಂದೇ ದಿನ, ಬೆಂಗಳೂರಿನಲ್ಲಿ ಎರಡು. ಹೆಚ್ಚಿದ್ದರೆ ಫ್ರೀಜರಿಗೆ. ಹೊರಗೆ ತೆಗೆದು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಹೊಸದರಂತೆ ಆಗುತ್ತದೆ.

ಕಳೆದ ಮಳೆಗಾಲದಲ್ಲಿ ಅಮ್ಮ ಊರಿಂದ ಬೆರಟಿ ಕಳಿಸಿದ್ದರು. ಹಲಸಿನ ಹಣ್ಣನ್ನು ಬೆಲ್ಲದ ಜೊತೆ ಗಂಟೆಗಟ್ಟಲೆ ಕಾಯಿಸಿ, ಕಪ್ಪುಕೆಂಪಾಗಿ ತಳ ಬಿಡುವವರೆಗೆ ಮಗುಚಿ ಕಟ್ಟಿಡುವ ಉಂಡೆ ಅದು, ಪಾಯಸಕ್ಕೆಂದು ಇಡುವುದು. ನಿಂಬೆಹಣ್ಣಿನ ಗಾತ್ರದ ಎರಡು ಉಂಡೆಯನ್ನು ಅರ್ಧ ಕಪ್ ಬಿಸಿ ತೆಂಗಿನಹಾಲಿನಲ್ಲಿ ಕರಗಿಸಿ, ಪೂರ್ತಿ ಆರಿಸಿ, ಬಾಳೆಹಣ್ಣಿನ ಜಾಗದಲ್ಲಿ ಹಾಕಿದೆ. ಬೆಲ್ಲ ಕಾಲು ಕಪ್ ಸಾಕಾಯಿತು, ಮೊಸರು ಮುಕ್ಕಾಲು ಕಪ್ ಬೇಕಾಯಿತು. ಬೇಯುವಾಗ ಮನೆಯೆಲ್ಲ ಎಲೆಯಲ್ಲಿ ಕಟ್ಟಿ ಬೇಯಿಸುವ ಹಲಸಿನ ಗಟ್ಟಿಯ ಪರಿಮಳ, ಎಲೆಯ ವಾಸನೆ ಒಂದೇ ಕಡಿಮೆ. ಒಂದನ್ನು ಮುರಿದು ಫೋನಿನ ಎದುರು ಹಿಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಸಣ್ಣ ಸಣ್ಣ ಸಮನಾದ ಕಣ್ಣುಗಳು, ಒಂದೂ ಸುರಂಗವಿಲ್ಲ. "ಗಂಟು ಎಲ್ಲಿ ಹೋಯಿತು?" ಎಂದು ಕೇಳಿದರು. ಆಮೇಲೆ, ಇನ್ನು ನಾಲ್ಕು ಉಂಡೆ ಉಂಟು, ಬರುವವರ ಕೈಯಲ್ಲಿ ಕಳಿಸುತ್ತೇನೆ ಎಂದರು.