ಮಾಗಡಿ ಕೆರೆಯ ಬಾತುಗಳನ್ನು ಎಣಿಸುವುದು ಹೇಗೆ?

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನೋಡಲು ಬರುವವರು ಫೋಟೊ ಹೊಡೆದು, ನೋಟ್‌ಬುಕ್ಕಿನಲ್ಲಿ ‘ಸಾವಿರಾರು’ ಎಂದು ಗೀಚಿ ಹೊರಡುತ್ತಾರೆ. ಸಾವಿರಾರು ಅಂದ್ರೆ ಎಷ್ಟು? ಎರಡೋ, ಎಂಟೋ? ಮುಂದಿನ ವರ್ಷ ಅರ್ಧಕ್ಕಿಳಿದರೂ ಇವರು ಬರೆಯುವುದು ‘ಸಾವಿರಾರು’ ಅಂತಲೇ.

ಹೊತ್ತು: ಇವು ರಾತ್ರಿ ಹೊಲಗಳಲ್ಲಿ ಮೇಯ್ದು, ಬೆಳಗ್ಗೆ ಕೆರೆಗೆ ಮರಳುತ್ತವೆ. ಎಲ್ಲವೂ ಬಂದು ಕೂತ ಮೇಲೆ ಎಣಿಸಿ.

ಜಾಗ: ಸೂರ್ಯ ನಿಮ್ಮ ಬೆನ್ನಿಗಿರಲಿ. ಏರಿಯ ಮೇಲೆ, ಆದಷ್ಟು ಎತ್ತರದಲ್ಲಿ ನಿಲ್ಲಿ. ತಗ್ಗಿನಿಂದ ನೋಡಿದರೆ ಮುಂದಿನ ಹಕ್ಕಿ ಹಿಂದಿನದನ್ನು ಮುಚ್ಚಿಬಿಡುತ್ತದೆ.

ದುರ್ಬೀನು: 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಸಾಕು. ಗಾಜು ಕೆಂಪಗೆ ಹೊಳೆಯುವ ಅಗ್ಗದ ಮಾಲು ಬೇಡವೇ ಬೇಡ, ಚಿತ್ರ ಮಂಕಾಗಿ ಹಸಿರುಗಟ್ಟುತ್ತದೆ. ಜೂಮ್ ದುರ್ಬೀನೂ ದುಡ್ಡು ದಂಡ.

ಇನ್ನು ಎಣಿಕೆ. ಎಲ್ಲರೂ ಎಡವುವುದು ಇಲ್ಲೇ.

ಮೊದಲು ಹತ್ತು ಹೆಬ್ಬಾತುಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಅಂಥ ಐದು ತುಂಡು ಸೇರಿದರೆ ಐವತ್ತು, ಹತ್ತು ಸೇರಿದರೆ ನೂರು. ಈ ನೂರರ ತುಂಡನ್ನು ಹಿಂಡಿನ ಉದ್ದಕ್ಕೂ ಇಡುತ್ತಾ ಹೋಗಿ. ಆದರೆ ಹಿಂಡು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಂಚಿನಲ್ಲಿ ವಿರಳ, ನಡುವೆ ದಟ್ಟ. ಅಂಚಿನ ಅಳತೆಯನ್ನೇ ನಡುವಿಗೂ ಹಾಕಿದರೆ ಲೆಕ್ಕ ಸಿಕ್ಕಾಪಟ್ಟೆ ಕಡಿಮೆ ಬರುತ್ತದೆ. ನಡುವಿಗೆ ಬಂದಾಗ ಮತ್ತೆ ಹತ್ತರಿಂದ ಶುರು ಮಾಡಿ. ಬೇಸರ ಬರುತ್ತೆ, ಆದರೂ ಮಾಡಿ. ತಲೆ ಎಣಿಸಬೇಡಿ, ಮೈ ಎಣಿಸಿ. ನಿದ್ದೆಯಲ್ಲಿರುವ ಹಕ್ಕಿ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿರುತ್ತದೆ.

ಒಂದು ಸುತ್ತಿಗೆ ಒಂದೇ ಜಾತಿ. ಹೆಬ್ಬಾತು ಮುಗಿಸಿ ನಾಮಕೋಳಿಗೆ ಬನ್ನಿ. ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಕಾಣಲಿಲ್ಲ ಎಂದು ಹೆಬ್ಬಾತನ್ನು ಬಿಟ್ಟುಬಿಡಬೇಡಿ, ಮರಿಗಳಿಗೆ ಪಟ್ಟೆ ಇರುವುದಿಲ್ಲ.

ಹಿಂಡು ಎದ್ದರೆ? ಹಕ್ಕಿಗಳ ಹಿಂದೆ ದುರ್ಬೀನು ಓಡಿಸಬೇಡಿ, ಎಣಿಸಿದ್ದನ್ನೇ ಎಣಿಸುತ್ತೀರಿ. ದೂರದ ಒಂದು ಮರವನ್ನೋ ಕರೆಂಟು ಕಂಬವನ್ನೋ ಗುರುತಿಟ್ಟು, ಅದನ್ನು ದಾಟುವ ಹಕ್ಕಿಗಳನ್ನು ಮಾತ್ರ ಹತ್ತತ್ತಾಗಿ ಎಣಿಸಿ. ಹಾರುವ ಫೋಟೊ ಬೇಕೆಂದು ಚಪ್ಪಾಳೆ ತಟ್ಟಿ ಎಬ್ಬಿಸುವವರು ಜೊತೆಗಿದ್ದರೆ ಅವರನ್ನು ಮೊದಲು ಕಾರಿನಲ್ಲಿ ಕೂರಿಸಿ.

ಇಬ್ಬರಿದ್ದರೆ ಬೇರೆ ಬೇರೆಯಾಗಿ ಎಣಿಸಿ. ಇಬ್ಬರದೂ ಮುಗಿಯುವ ತನಕ ಸಂಖ್ಯೆ ಬಾಯಿಬಿಡಬೇಡಿ. ಒಬ್ಬರು ‘ಮೂರು ಸಾವಿರ’ ಅಂದ ಕೂಡಲೇ ಇನ್ನೊಬ್ಬರ ಲೆಕ್ಕ ತಾನಾಗಿಯೇ ಅತ್ತ ವಾಲುತ್ತದೆ. ಎರಡಕ್ಕೂ ತುಂಬಾ ಅಂತರ ಬಂದರೆ ಸರಾಸರಿ ತೆಗೆಯಬೇಡಿ, ಮತ್ತೆ ಎಣಿಸಿ. ಮೊಬೈಲ್ ಫೋಟೊ ತೆಗೆದು ಮನೆಯಲ್ಲಿ ಎಣಿಸುತ್ತೇನೆ ಅನ್ನುವುದು ಸುಮ್ನೆ ಮಾತು. ದೊಡ್ಡ ಲೆನ್ಸಿನ ಚಿತ್ರವಾದರೆ ತಾಳೆ ನೋಡಲು ಪರವಾಗಿಲ್ಲ.

ಕೊನೆಗೆ, ಶುರು ಮಾಡಿದ ಮತ್ತು ಮುಗಿಸಿದ ಹೊತ್ತಿನ ಜೊತೆ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇಬರ್ಡ್ (eBird) ಆ್ಯಪ್‌ಗೆ ಅಂದೇ ಸೇರಿಸಿ. ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ (ಹಕ್ಕಿ ಇತ್ತು, ಎಣಿಸಿಲ್ಲ ಎಂದರ್ಥ) ಹಾಕಲು ಆ್ಯಪ್ ಬಿಡುತ್ತದೆ, ನೀವು ಹಾಕಬೇಡಿ. ಅಂದಾಜಾದರೂ ಸರಿ, ಅಂಕಿಯನ್ನೇ ಬರೆಯಿರಿ. ಗುರುತು ಸಿಗದ ಬಾತನ್ನು ‘ಯಾವುದೋ ಬಾತು’ ಎಂದೇ ದಾಖಲಿಸಲು ಅಲ್ಲಿ ಅವಕಾಶವಿದೆ.